ಸರ್ಜಿಕಲ್ ರೋಬೋಟ್‌ಗೆ ಎಂಬೆಡೆಡ್ ಸಾಫ್ಟ್‌ವೇರ್ ಬರೆಯುವುದು: ಒಂದು ಕೀಲಿನಿಂದ ಶುರುಮಾಡಿ

ಸಿ ಚೆನ್ನಾಗಿ ಬರುತ್ತದೆ, ಮೈಕ್ರೋಕಂಟ್ರೋಲರ್ ಮೇಲೆ ಕೆಲವು ವರ್ಷ ಕೈಯಾಡಿಸಿದ್ದೀರಿ, ಆಟೋಮೋಟಿವ್ ಅಥವಾ ಮೋಟಾರ್ ಡ್ರೈವ್ ಕಂಪನಿಯಿಂದ ಸರ್ಜಿಕಲ್ ರೋಬೋಟ್ ಕಡೆಗೆ ಹೋಗುವ ಮನಸ್ಸಿದೆ. ಈ ಬರಹ ಅಂಥವರಿಗಾಗಿ. ಮೋಟಾರ್ ತಿರುಗಿಸುವುದು ಈ ಕೆಲಸದ ಸಣ್ಣ ಪಾಲು. ಏನಾದರೂ ಕೆಟ್ಟಾಗ ತೋಳು ಎಷ್ಟು ಹೊತ್ತಿನಲ್ಲಿ ನಿಲ್ಲುತ್ತದೆ, ನಿಲ್ಲುವ ಮುಂಚೆ ಎಷ್ಟು ದೂರ ಸರಿಯುತ್ತದೆ, ನಿಂತದ್ದು ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆಗಳಿಗೆ ಅಳೆದ ಸಂಖ್ಯೆಯಲ್ಲಿ ಉತ್ತರ ಹೇಳುವುದೇ ದೊಡ್ಡ ಪಾಲು. ಇದನ್ನು ಕಲಿಯಲು ಇಡೀ ರೋಬೋಟ್ ಬೇಕಿಲ್ಲ. ಮೇಜಿನ ಮೇಲೆ ಒಂದು ಕೀಲು ಇದ್ದರೆ ಸಾಕು.

ಹಂತ 1: ಯಂತ್ರ ಹೇಗಿದೆ ಎಂದು ತಿಳಿಯಿರಿ

ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಡಾ ವಿಂಚಿ ಎಂಬ ಸರ್ಜಿಕಲ್ ರೋಬೋಟ್‌ಗೆ ಅನುಮತಿ ಕೊಟ್ಟಾಗಿನಿಂದ ಇಂದಿನವರೆಗೆ ಮೃದು ಅಂಗಾಂಶದ ರೋಬೋಟ್‌ಗಳ ಮೂಲ ಜೋಡಣೆ ಹೆಚ್ಚುಕಡಿಮೆ ಒಂದೇ. ಸರ್ಜನ್ ಕೂರುವ ಕನ್ಸೋಲ್, ರೋಗಿಯ ಪಕ್ಕದ ತೋಳುಗಳು, ಕ್ಯಾಮೆರಾ ಮತ್ತು ಚಿತ್ರದ ಗಾಡಿ. ಸರ್ಜನ್ ಕೈ 3 ಸೆಂ.ಮೀ. ಆಡಿಸಿದರೆ ಉಪಕರಣದ ತುದಿ 1 ಸೆಂ.ಮೀ. ಆಡುವಂತೆ ಚಲನೆಯನ್ನು ಇಳಿಸುತ್ತಾರೆ. ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ನಡುವೆ ಇರುವ ಕೈನಡುಕವನ್ನು ಫಿಲ್ಟರ್ ಮಾಡುತ್ತಾರೆ. ಉಪಕರಣದ ದಂಡ ಹೊಟ್ಟೆಯ ಗೋಡೆಯಲ್ಲಿ ತೂರುವ ಬಿಂದು ಅಲುಗಬಾರದು. ಅದನ್ನು ಸ್ಥಿರವಾಗಿಡಲು ಯಾಂತ್ರಿಕ ಜೋಡಣೆಯೂ ಇರಬಹುದು, ಸಾಫ್ಟ್‌ವೇರ್ ಲೆಕ್ಕವೂ ಇರಬಹುದು.

ಸಾಫ್ಟ್‌ವೇರ್ ಪದರ ಪದರವಾಗಿರುತ್ತದೆ. ಮೇಲೆ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್ ಇರುವ ದೊಡ್ಡ ಪ್ರೊಸೆಸರ್, ಕೈನೆಮ್ಯಾಟಿಕ್ಸ್, ಅಂದರೆ ಕೀಲುಗಳ ಕೋನಕ್ಕೂ ತುದಿಯ ಸ್ಥಾನಕ್ಕೂ ನಡುವಿನ ಲೆಕ್ಕವೆಲ್ಲ ಅಲ್ಲಿ. ಕೆಳಗೆ ಪ್ರತಿ ಕೀಲಿಗೆ ಒಂದು ಬೋರ್ಡ್. ಅದರಲ್ಲಿ ಕರೆಂಟ್ ಲೂಪ್ (ಮೋಟಾರ್ ಕರೆಂಟನ್ನು ಅಳೆದು ತಿದ್ದುವ ಸುತ್ತು) ಸುಮಾರು 10ರಿಂದ 20 ಕಿಲೋಹರ್ಟ್ಸ್ ವೇಗದಲ್ಲಿ, ಸ್ಥಾನದ ಲೂಪ್ 1 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಓಡುತ್ತದೆ. ನಡುವೆ ಈಥರ್‌ಕ್ಯಾಟ್ (ಈಥರ್ನೆಟ್ ಮೇಲೆ ನಡೆಯುವ ರಿಯಲ್‌ಟೈಮ್ ಬಸ್) ಅಥವಾ ಕಂಪನಿಯದೇ ಸೀರಿಯಲ್ ಬಸ್. ಇವೆಲ್ಲದರ ಪಕ್ಕದಲ್ಲಿ, ಇವುಗಳ ಮಾತು ಕೇಳದೆಯೇ ಟಾರ್ಕ್ ಕಡಿಯಬಲ್ಲ ಪ್ರತ್ಯೇಕ ಸುರಕ್ಷಾ ದಾರಿ.

ನಿಜವಾದ ವಿನ್ಯಾಸವನ್ನು ಬಿಚ್ಚಿ ಓದಬೇಕೆಂದರೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮುಂದೆ ನಿಂತು ನಡೆಸುವ ಡಾ ವಿಂಚಿ ರಿಸರ್ಚ್ ಕಿಟ್ ಇದೆ. ಬಳಕೆ ಮುಗಿದ ಡಾ ವಿಂಚಿ ತೋಳುಗಳನ್ನು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನೇ ನಾವು ಬರೆಯಬಹುದಾದ ಚಿಪ್) ಇರುವ ಹೊಸ ಬೋರ್ಡ್‌ಗಳಿಂದ ಓಡಿಸುವ ಯೋಜನೆ ಇದು. ಬೋರ್ಡ್‌ನ ನಕ್ಷೆ, ಫರ್ಮ್‌ವೇರ್, ಮೇಲಿನ ಸಾಫ್ಟ್‌ವೇರ್ ಎಲ್ಲವೂ ಮುಕ್ತವಾಗಿವೆ. ಎಫ್‌ಪಿಜಿಎ ಒಳಗಿನ ವಾಚ್‌ಡಾಗ್ (ನಿಗದಿತ ಹೊತ್ತಿನಲ್ಲಿ ಸುದ್ದಿ ಬಾರದಿದ್ದರೆ ನಿಲ್ಲಿಸುವ ಕಾವಲು ಟೈಮರ್) ಮತ್ತು ಮೋಟಾರ್ ಪವರ್ ಕೊಡುವ ಭಾಗವನ್ನು ಮೊದಲು ಓದಿ. ಅಲ್ಲಿ ಸಿಗುವಷ್ಟು ಪಾಠ ಯಾವ ಕೋರ್ಸ್‌ನಲ್ಲೂ ಸಿಗುವುದಿಲ್ಲ.

ಒಂದು ಮಾತು ಮನಸ್ಸಿನಲ್ಲಿರಲಿ. ಕಾರ್ಖಾನೆಯ ರೋಬೋಟ್‌ನಲ್ಲಿ ಪವರ್ ಕಡಿದರೆ ಬಹುಮಟ್ಟಿಗೆ ಸುರಕ್ಷಿತ. ಇಲ್ಲಿ ಉಪಕರಣ ರೋಗಿಯ ಹೊಟ್ಟೆಯೊಳಗಿದೆ, ಅದರ ಇಕ್ಕಳ ರಕ್ತನಾಳ ಹಿಡಿದಿರಬಹುದು. ಪವರ್ ಹೋದಾಗ ಇಕ್ಕಳ ಬಿಡಬೇಕೋ ಹಿಡಿದೇ ಇರಬೇಕೋ, ತೋಳು ಬಾಗಬಹುದೋ, ಪಕ್ಕದಲ್ಲಿ ನಿಂತ ಸಹಾಯಕ ವೈದ್ಯರು ಅದನ್ನು ಕೈಯಿಂದಲೇ ಬಿಡಿಸಿ ಹೊರತೆಗೆಯಬಲ್ಲರೋ, ಇವನ್ನೆಲ್ಲ ವೈದ್ಯರ ಜತೆ ಕೂತು ತೀರ್ಮಾನಿಸಿರುತ್ತಾರೆ. ನಿಮ್ಮ ಕೋಡ್ ಆ ತೀರ್ಮಾನವನ್ನು ಪಾಲಿಸಬೇಕು.

ಹಂತ 2: ಸಾಮಾನು ಜೋಡಿಸಿ

- ಎಸ್‌ಟಿ ಕಂಪನಿಯ ಪಿ-ನ್ಯೂಕ್ಲಿಯೋ-ಐಎಚ್‌ಎಂ03 ಕಿಟ್. ಎಸ್‌ಟಿಎಂ32ಜಿ431 ಇರುವ ಬೋರ್ಡ್, ಮೂರು ಫೇಸ್ ಡ್ರೈವರ್ ಬೋರ್ಡ್, 7 ಜೊತೆ ಧ್ರುವಗಳ ಸಣ್ಣ ಗಿಂಬಲ್ ಮೋಟಾರ್ ಒಟ್ಟಿಗೆ ಬರುತ್ತವೆ.
- ಶಾಫ್ಟ್‌ನ ಕೋನ ಅಳೆಯುವ ಎಎಸ್5047ಪಿ ಎನ್‌ಕೋಡರ್ ಬೋರ್ಡ್, ಜತೆಗೆ ಅಡ್ಡಕ್ಕೆ ಧ್ರುವವಿರುವ ದುಂಡು ಅಯಸ್ಕಾಂತ. ಕೋನವನ್ನು 14 ಬಿಟ್‌ನಲ್ಲಿ, ಅಂದರೆ ಒಂದು ಸುತ್ತಿಗೆ 16,384 ಎಣಿಕೆಯಲ್ಲಿ ಕೊಡುತ್ತದೆ.
- ಕರೆಂಟ್ ಮಿತಿ ಹಾಕಬಹುದಾದ ಬೆಂಚ್ ಪವರ್ ಸಪ್ಲೈ. 12 ವೋಲ್ಟ್, ಮೊದಲ ದಿನಗಳಲ್ಲಿ ಮಿತಿ 0.5 ಆಂಪಿಯರ್.
- ಅಣಬೆ ತಲೆಯ ಎಮರ್ಜೆನ್ಸಿ ಸ್ವಿಚ್, ಎರಡು ಕಾಂಟ್ಯಾಕ್ಟ್ ಇರುವಂಥದ್ದು.
- ಪವರ್ ಹೋದಾಗ ಸ್ಪ್ರಿಂಗ್‌ನಿಂದ ತಾನೇ ಹಿಡಿಯುವ 24 ವೋಲ್ಟ್‌ನ ಸಣ್ಣ ಬ್ರೇಕ್. ಸಿಗದಿದ್ದರೆ ಸದ್ಯಕ್ಕೆ ಬಿಡಿ.
- ಎರಡು ಚಾನೆಲ್ ಆಸಿಲೋಸ್ಕೋಪ್, ಎಂಟು ಚಾನೆಲ್ ಲಾಜಿಕ್ ಅನಲೈಸರ್.
- ಶಾಫ್ಟ್‌ಗೆ ಕಟ್ಟಲು 15 ಸೆಂ.ಮೀ. ಹಗುರ ಪಟ್ಟಿ. ಕೋನದ ಸಣ್ಣ ತಪ್ಪು ತುದಿಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಇದು ಬೇಕು.

ಎಮರ್ಜೆನ್ಸಿ ಸ್ವಿಚ್‌ನ ಒಂದು ಕಾಂಟ್ಯಾಕ್ಟನ್ನು ಡ್ರೈವರ್‌ಗೆ ಹೋಗುವ 12 ವೋಲ್ಟ್ ತಂತಿಯಲ್ಲೇ ಕೂಡಿಸಿ. ಇನ್ನೊಂದು ಕಾಂಟ್ಯಾಕ್ಟ್ ಪ್ರೊಸೆಸರ್‌ಗೆ ಸುದ್ದಿ ತಿಳಿಸಲು ಮಾತ್ರ. ಎರಡೂ ಮಾಮೂಲಾಗಿ ಮುಚ್ಚಿರುವ ಬಗೆಯವಾಗಿರಲಿ, ತಂತಿ ಕಿತ್ತರೂ ಸ್ವಿಚ್ ಒತ್ತಿದಂತೆಯೇ ಆಗಬೇಕು. ನಿಲ್ಲಿಸುವ ಕೆಲಸ ಸಾಫ್ಟ್‌ವೇರ್ ಮೂಲಕವೇ ಆದರೆ ಸಾಕಲ್ಲವೇ ಎನ್ನುವವರಿಗೆ ಥೆರಾಕ್-25 ವಿಕಿರಣ ಯಂತ್ರದ ಕಥೆ ಉತ್ತರ. 1985ರಿಂದ 1987ರ ನಡುವೆ ಅದು ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಹಿಂದಿನ ಮಾದರಿಗಳಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದುಹಾಕಿ ಸಾಫ್ಟ್‌ವೇರನ್ನೇ ನಂಬಿದ್ದರು. ಅದರ ದೋಷಗಳಲ್ಲೊಂದು ಒಂದು ಬೈಟ್‌ನ ಫ್ಲ್ಯಾಗ್. ಅದಕ್ಕೆ ಬೆಲೆ ಇಡುವ ಬದಲು ಪ್ರತಿ ಸಲ ಒಂದು ಕೂಡಿಸುತ್ತಿದ್ದರು. 256ನೇ ಸಲ ಅದು ಸೊನ್ನೆಗೆ ಮರಳುತ್ತಿತ್ತು, ಆ ಕ್ಷಣದಲ್ಲಿ ಸುರಕ್ಷಾ ತಪಾಸಣೆಯೇ ನಡೆಯುತ್ತಿರಲಿಲ್ಲ.

ಹಂತ 3: ಸಮಯದ ಲೆಕ್ಕ ಬರೆದಿಡಿ

ಈ ಚಿಪ್ 170 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. 20 ಕಿಲೋಹರ್ಟ್ಸ್ ಕರೆಂಟ್ ಲೂಪ್ ಎಂದರೆ ಪ್ರತಿ ಸುತ್ತಿಗೆ 50 ಮೈಕ್ರೋಸೆಕೆಂಡ್, 8,500 ಸೈಕಲ್. ಒಳಗಿನ ಸೈಕಲ್ ಕೌಂಟರ್‌ನಿಂದ ಪ್ರತಿ ಸುತ್ತನ್ನೂ ಅಳೆದು ಅತಿ ಹೆಚ್ಚಿನ ಬೆಲೆಯನ್ನು ಉಳಿಸಿಕೊಳ್ಳಿ. ಸರಾಸರಿಯಿಂದ ಇಲ್ಲಿ ಪ್ರಯೋಜನವಿಲ್ಲ. ಆ ಅತಿ ಹೆಚ್ಚಿನ ಬೆಲೆ 8,500 ಸೈಕಲ್‌ನ 60 ಶೇಕಡ ದಾಟಿದರೆ ಈಗಲೇ ಕೋಡ್ ತಗ್ಗಿಸಿ, ಮುಂದೆ ದೋಷಪತ್ತೆಯ ತಪಾಸಣೆಗಳು ಸೇರುವಾಗ ಜಾಗ ಬೇಕಾಗುತ್ತದೆ.

ಇಂಟರಪ್ಟ್ ಬರೆಯುವ ಸ್ಥಾನ ಮತ್ತು ವೇಗವನ್ನು 1 ಕಿಲೋಹರ್ಟ್ಸ್ ಟಾಸ್ಕ್ ಓದುವಾಗ ಹೊಸ ಸ್ಥಾನ, ಹಳೆಯ ವೇಗ ಕೈಗೆ ಬರಬಹುದು. ವೊಲಟೈಲ್ ಹಾಕಿದರೆ ಇದು ಸರಿಹೋಗುವುದಿಲ್ಲ. ಎರಡು ಬಫರ್ ಇಟ್ಟು, ಬರೆಯುವ ಮುಂಚೆಯೂ ಬರೆದ ಮೇಲೂ ಒಂದು ಸಂಖ್ಯೆ ಏರಿಸಿ. ಓದುವವರು ಓದುವ ಮುಂಚೆ, ಓದಿದ ಮೇಲೆ ಆ ಸಂಖ್ಯೆಯನ್ನು ಹೋಲಿಸಿ ನೋಡಬೇಕು.

ಹಂತ 4: ಎನ್‌ಕೋಡರ್ ಹೇಳಿದ್ದನ್ನು ಸುಮ್ಮನೆ ನಂಬಬೇಡಿ

ಮೇಜಿನ ಮೇಲಿನ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಕೀಲಿನ ಬಗ್ಗೆ ಪ್ರೊಸೆಸರ್‌ಗೆ ಗೊತ್ತಿರುವುದೆಲ್ಲ ಇದೊಂದೇ ತಂತಿಯಿಂದ ಬರುತ್ತದೆ.

ಎಎಸ್5047ಪಿ ಜತೆಗಿನ ಮಾತು 16 ಬಿಟ್‌ನ ಎಸ್‌ಪಿಐ ಚೌಕಟ್ಟುಗಳಲ್ಲಿ ನಡೆಯುತ್ತದೆ. ಮೋಡ್ 1. ಶುರುವಿನಲ್ಲಿ ಗಡಿಯಾರ 1 ಅಥವಾ 2 ಮೆಗಾಹರ್ಟ್ಸ್ ಸಾಕು. ಒಂದು ಚೌಕಟ್ಟಿನಲ್ಲಿ ಕೇಳಿದ್ದಕ್ಕೆ ಉತ್ತರ ಮುಂದಿನ ಚೌಕಟ್ಟಿನಲ್ಲಿ ಬರುತ್ತದೆ. ಮಿಲಿಸೆಕೆಂಡಿಗೊಂದೇ ಚೌಕಟ್ಟು ಕಳಿಸಿದರೆ ಹಳೆಯ ಪ್ರಶ್ನೆಯ ಉತ್ತರವನ್ನು ಹೊಸದೆಂದು ನಂಬುವ ಅಪಾಯವಿದೆ. ನಿಮಿಷಕ್ಕೆ 600 ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿಗೆ ಶಾಫ್ಟ್ 3.6 ಡಿಗ್ರಿ ಸರಿಯುತ್ತದೆ. 7 ಜೊತೆ ಧ್ರುವಗಳ ಮೋಟಾರ್‌ನಲ್ಲಿ ಅದು ವಿದ್ಯುತ್ ಕೋನದ 25 ಡಿಗ್ರಿ. ಟಾರ್ಕ್ ಇಳಿಯುತ್ತದೆ, ಮೋಟಾರ್ ಬಿಸಿಯಾಗುತ್ತದೆ, ಕಾರಣ ಮಾತ್ರ ಬೇಗ ಹೊಳೆಯುವುದಿಲ್ಲ. ಎರಡು ಚೌಕಟ್ಟು ಬೆನ್ನುಬೆನ್ನಿಗೆ ಕಳಿಸಿ.

ಪ್ರತಿ ಉತ್ತರದಲ್ಲೂ ಒಂದು ಪ್ಯಾರಿಟಿ ಬಿಟ್ (ಒಂದುಗಳ ಒಟ್ಟು ಸಂಖ್ಯೆ ಸಮವಾಗಿರುವಂತೆ ಮಾಡುವುದು), ಒಂದು ದೋಷದ ಬಿಟ್ ಇರುತ್ತವೆ. ಎರಡನ್ನೂ ಪ್ರತಿ ಸಲ ನೋಡಿ. ಈಗ ಈ ಪ್ರಯೋಗ ಮಾಡಿ. ಎನ್‌ಕೋಡರ್‌ನಿಂದ ಪ್ರೊಸೆಸರ್‌ಗೆ ಬರುವ ದತ್ತಾಂಶದ ತಂತಿಯನ್ನು ಕೀಳಿ. ಪ್ರೊಸೆಸರ್ ಪಿನ್‌ಗೆ ಪುಲ್-ಡೌನ್ ಹಾಕಿದ್ದರೆ ಹದಿನಾರೂ ಬಿಟ್ ಸೊನ್ನೆಯಾಗಿ ಬರುತ್ತವೆ. ಸೊನ್ನೆಗಳ ಪ್ಯಾರಿಟಿ ಸರಿ, ದೋಷದ ಬಿಟ್ ಕೂಡ ಸೊನ್ನೆ. ಅಂದರೆ ತಂತಿ ಕಿತ್ತ ಎನ್‌ಕೋಡರ್ "ಕೋನ ಸೊನ್ನೆ, ಎಲ್ಲ ಚೆನ್ನಾಗಿದೆ" ಎನ್ನುತ್ತಿದೆ. ಲೂಪ್ ಅದನ್ನು ನಂಬಿ ಗುರಿಯ ಕಡೆಗೆ ಪೂರ್ತಿ ಟಾರ್ಕ್ ಹಾಕುತ್ತದೆ. ಪುಲ್-ಅಪ್ ಹಾಕಿದ್ದರೆ ಹದಿನಾರೂ ಬಿಟ್ ಒಂದಾಗಿ ಬರುತ್ತವೆ. ಪ್ಯಾರಿಟಿ ಇಲ್ಲೂ ಸರಿಯೇ, ಆದರೆ ದೋಷದ ಬಿಟ್ ಒಂದಾಗಿರುವುದರಿಂದ ಸಿಕ್ಕಿಬೀಳುತ್ತದೆ. ಒಂದು ರೆಸಿಸ್ಟರ್ ಯಾವ ಕಡೆ ಕೂತಿದೆ ಎಂಬುದರ ಮೇಲೆ ತೋಳು ಓಡುತ್ತದೋ ನಿಲ್ಲುತ್ತದೋ ಎಂಬುದು ನಿಂತಿದೆ. ಬೋರ್ಡ್‌ನ ನಕ್ಷೆ ಓದದೆ ಫರ್ಮ್‌ವೇರ್ ಬರೆಯಬಾರದು ಎಂದು ಹಿರಿಯ ಎಂಜಿನಿಯರ್‌ಗಳು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನು ಸುತ್ತು ದಾಟುವ ಜಾಗ. ಎಣಿಕೆ 16,383ರಿಂದ 0ಗೆ ಹಾರುವಾಗ ಬರಿದೇ ಕಳೆದರೆ ಒಂದು ಮಿಲಿಸೆಕೆಂಡಿನಲ್ಲಿ ಇಡೀ ಸುತ್ತು ಹಿಂದೆ ಹೋದಂತೆ ವೇಗ ಬರುತ್ತದೆ, ತೋಳು ಒದೆಯುತ್ತದೆ. ವ್ಯತ್ಯಾಸ 8,192 ಅಥವಾ ಅದಕ್ಕಿಂತ ಹೆಚ್ಚಾದರೆ 16,384 ಕಳೆಯಿರಿ, ಋಣ 8,192ಕ್ಕಿಂತ ಕೆಳಗಿದ್ದರೆ 16,384 ಕೂಡಿಸಿ. ಮಿಲಿಸೆಕೆಂಡಿಗೆ ಒಂದು ಎಣಿಕೆ ಎಂದರೇ ನಿಮಿಷಕ್ಕೆ ಸುಮಾರು 3.7 ಸುತ್ತು. ಹಾಗಾಗಿ ನಿಧಾನ ಚಲನೆಯಲ್ಲಿ ವೇಗದ ಅಂದಾಜು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಫಿಲ್ಟರ್ ಹಾಕಲೇಬೇಕು. ಫಿಲ್ಟರ್ ತರುವ ವಿಳಂಬ ದೋಷಪತ್ತೆಯ ಸಮಯಕ್ಕೂ ಸೇರುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯಿರಿ.

ಅಯಸ್ಕಾಂತ ಅಂಟು ಬಿಟ್ಟು ದೂರ ಸರಿದರೆ ಚಿಪ್‌ನ ದೋಷ ತಿಳಿಸುವ ರಿಜಿಸ್ಟರ್‌ನಲ್ಲಿ ಕಾಂತಕ್ಷೇತ್ರ ಕಡಿಮೆ ಎಂಬ ಬಿಟ್ ಏಳುತ್ತದೆ. 100 ಮಿಲಿಸೆಕೆಂಡಿಗೊಮ್ಮೆ ಅದನ್ನೂ ಓದಿ. ನಿಜವಾದ ರೋಬೋಟ್‌ನಲ್ಲಿ ಮೋಟಾರ್ ಕಡೆ ಒಂದು, ಗೇರ್ ದಾಟಿದ ಮೇಲೆ ಕೀಲಿನ ಕಡೆ ಒಂದು, ಹೀಗೆ ಎರಡು ಸೆನ್ಸರ್ ಇಟ್ಟು ಒಂದನ್ನೊಂದು ಹೋಲಿಸುತ್ತಾರೆ. ಹೋಲಿಕೆಯ ಮಿತಿ ತೀರ ಬಿಗಿಯಾದರೆ ಗೇರ್‌ನ ಸಡಿಲ ಮತ್ತು ಕೇಬಲ್‌ನ ಎಳೆತದಿಂದಲೇ ಯಂತ್ರ ಪದೇ ಪದೇ ನಿಲ್ಲುತ್ತದೆ. ಆಪರೇಷನ್ ನಡುವೆ ಸುಮ್ಮಸುಮ್ಮನೆ ನಿಲ್ಲುವುದೂ ರೋಗಿಗೆ ಅಪಾಯವೇ.

ಹಂತ 5: ಮಿತಿಗಳನ್ನು ಬರೆಯುವ ಬಗೆ

ತೋಳು ಪೂರ್ತಿ ಚಾಚಿದಾಗ ಕೈನೆಮ್ಯಾಟಿಕ್ಸ್ ಲೆಕ್ಕದ ಆರ್ಕ್-ಕೊಸೈನ್‌ಗೆ 1.0000001 ಹೋಗಬಹುದು, ಫ್ಲೋಟಿಂಗ್ ಪಾಯಿಂಟ್‌ನ ಸಣ್ಣ ಉಳಿಕೆಯಿಂದ. ಉತ್ತರ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ. ನ್ಯಾನ್ ಜತೆಗಿನ ಹೆಚ್ಚು-ಕಡಿಮೆ ಹೋಲಿಕೆಗಳೆಲ್ಲ ಸುಳ್ಳಾಗುತ್ತವೆ. "ಗುರಿ ಮಿತಿಗಿಂತ ಹೆಚ್ಚಿದ್ದರೆ ನಿಲ್ಲಿಸು" ಎಂದು ಬರೆದ ತಪಾಸಣೆಯನ್ನು ಅದು ಸಲೀಸಾಗಿ ದಾಟುತ್ತದೆ. ಷರತ್ತನ್ನು ತಿರುಗಿಸಿ ಬರೆಯಿರಿ: ಗುರಿ ಕೆಳಮಿತಿಗೂ ಮೇಲ್ಮಿತಿಗೂ ನಡುವೆ ಇದ್ದರೆ ಮಾತ್ರ ಮುಂದೆ, ಇಲ್ಲದಿದ್ದರೆ ನಿಲ್ಲು. ಆರ್ಕ್-ಕೊಸೈನ್‌ಗೆ ಹೋಗುವ ಮುಂಚೆ ಬೆಲೆಯನ್ನು ಋಣ 1 ಮತ್ತು 1ರ ನಡುವೆ ಕಟ್ಟಿಹಾಕಿ. ಜಿಸಿಸಿಯ ಫಾಸ್ಟ್-ಮ್ಯಾತ್ ಆಯ್ಕೆ ಹಾಕಬೇಡಿ. ನ್ಯಾನ್ ಬರುವುದೇ ಇಲ್ಲ ಎಂದು ಭಾವಿಸಿ ನಿಮ್ಮ ತಪಾಸಣೆಯನ್ನೇ ಕಂಪೈಲರ್ ಅಳಿಸಿಹಾಕಬಹುದು.

ಕೋನದ ಮಿತಿ ಒಂದೇ ಸಾಲದು. ವೇಗ, ಕರೆಂಟ್, ಒಂದು ಮಿಲಿಸೆಕೆಂಡಿನಲ್ಲಿ ಗುರಿ ಬದಲಾಗಬಹುದಾದ ಅಳತೆ, ಗುರಿಗೂ ಇರುವ ಜಾಗಕ್ಕೂ ನಡುವಿನ ಅಂತರ, ಇವುಗಳಿಗೂ ಮಿತಿ ಇರಲಿ.

ಹಂತ 6: ಶುರುಮಾಡುವುದು, ನಿಲ್ಲಿಸುವುದು

ಸ್ಥಿತಿಗಳು ಆರು: ಆಫ್, ಸ್ವಯಂಪರೀಕ್ಷೆ, ಸಿದ್ಧ, ಹಿಡಿತ, ಅನುಸರಣೆ, ದೋಷ. ದೋಷದಿಂದ ಅನುಸರಣೆಗೆ ನೇರ ದಾರಿ ಇರಕೂಡದು.

ಬ್ರೇಕ್ ಬಿಡುವ ಕ್ರಮ ಹೀಗಿದೆ. ಬ್ರೇಕ್ ಹಿಡಿದಿರುವಾಗಲೇ ತಿಳಿದ ಟಾರ್ಕ್ ಹಾಕಿ ಕೀಲು ಅಲುಗದಿರುವುದನ್ನು ನೋಡಿ. ಬ್ರೇಕ್ ಸವೆದಿದ್ದರೆ ಇಲ್ಲೇ ತಿಳಿಯುತ್ತದೆ. ಆಮೇಲೆ ಇಂಟಿಗ್ರೇಟರನ್ನು (ಲೂಪ್ ಕೂಡಿಸಿಟ್ಟ ಹಳೆಯ ತಪ್ಪಿನ ಮೊತ್ತವನ್ನು) ಸೊನ್ನೆ ಮಾಡಿ, ಗುರಿಯನ್ನು ಈಗಿರುವ ಕೋನಕ್ಕೇ ಇಡಿ. ಮೋಟಾರ್‌ನಲ್ಲಿ ಹಿಡಿತದ ಕರೆಂಟ್ ನಿಜಕ್ಕೂ ಹರಿಯುತ್ತಿದೆಯೇ ಎಂದು ಅಳೆದ ಮೇಲೆ ಬ್ರೇಕ್ ಬಿಡಿ. ಬ್ರೇಕ್ ತಯಾರಕರು ಕೊಟ್ಟ ಬಿಡುಗಡೆ ಸಮಯದಷ್ಟು ಕಾಯಿರಿ. ಅಷ್ಟರಲ್ಲಿ ಕೀಲು ಅರ್ಧ ಡಿಗ್ರಿಗಿಂತ ಹೆಚ್ಚು ಸರಿದರೆ ಮತ್ತೆ ಬ್ರೇಕ್ ಹಿಡಿದು ದೋಷಕ್ಕೆ ಹೋಗಿ. ಬ್ರೇಕ್ ಮೊದಲು ಬಿಟ್ಟು ಕರೆಂಟ್ ಆಮೇಲೆ ಕೊಟ್ಟರೆ ತೋಳು ಕುಸಿದು, ಆಮೇಲೆ ಜಗ್ಗಿ ಮೇಲೇಳುತ್ತದೆ. ಹಳೆಯ ಗುರಿಯನ್ನು ಹಾಗೇ ಉಳಿಸಿಕೊಂಡಿದ್ದರೆ ಕೀಲು ಅಲ್ಲಿಗೇ ಹಾರುತ್ತದೆ. ಸಾಮಾನ್ಯ ನಿಲುಗಡೆಯಲ್ಲಿ ಇದೇ ಕ್ರಮ ತಿರುಗಾಮುರುಗಾ: ವೇಗ ಸೊನ್ನೆಗೆ ಇಳಿಸಿ, ಬ್ರೇಕ್ ಹಿಡಿಸಿ, ಹಿಡಿಯುವ ಸಮಯ ಕಾದು, ಕೊನೆಗೆ ಟಾರ್ಕ್ ತೆಗೆಯಿರಿ.

ತುರ್ತು ನಿಲುಗಡೆಗೆ ಲೆಕ್ಕ ಹಾಕಿ ನೋಡಿ. ಕೀಲು ಸೆಕೆಂಡಿಗೆ 30 ಡಿಗ್ರಿ ವೇಗದಲ್ಲಿದೆ, ತುದಿ 400 ಮಿ.ಮೀ. ದೂರದಲ್ಲಿದೆ ಎನ್ನೋಣ. ದೋಷ ಪತ್ತೆಗೆ 3 ಮಿಲಿಸೆಕೆಂಡ್ ಹಿಡಿದರೆ ತುದಿ 0.6 ಮಿ.ಮೀ. ಸರಿದಿರುತ್ತದೆ. ಬ್ರೇಕ್ ಕಚ್ಚಲು 40 ಮಿಲಿಸೆಕೆಂಡ್ ಬೇಕಿದ್ದು, ಅಷ್ಟು ಹೊತ್ತೂ ವೇಗ ತಗ್ಗದಿದ್ದರೆ ಇನ್ನೂ 8.4 ಮಿ.ಮೀ. ಹೊಟ್ಟೆಯೊಳಗೆ 8 ಮಿ.ಮೀ. ಎಂದರೆ ಬಹಳ ದೂರ. ಬ್ರೇಕ್ ಒಂದನ್ನೇ ನಂಬಲು ಆಗುವುದಿಲ್ಲ ಎಂಬುದು ಈ ಸಂಖ್ಯೆಯಿಂದಲೇ ಗೊತ್ತಾಗುತ್ತದೆ. ಬ್ರೇಕ್ ಕಚ್ಚುವವರೆಗೆ ಮೋಟಾರ್‌ನ ಮೂರೂ ಫೇಸ್‌ಗಳನ್ನು ಕೆಳಗಿನ ಟ್ರಾನ್ಸಿಸ್ಟರ್‌ಗಳ ಮೂಲಕ ಒಂದಕ್ಕೊಂದು ಕೂಡಿಸಿದರೆ ಮೋಟಾರ್ ತನ್ನ ಚಲನೆಯನ್ನು ತಾನೇ ತಡೆಯುತ್ತದೆ. ವೇಗ ಇಳಿದಂತೆ ಈ ತಡೆ ಕ್ಷೀಣಿಸುತ್ತದೆ. ಕೊನೆಯಲ್ಲಿ ಹಿಡಿದಿಡುವುದು ಬ್ರೇಕ್ ಕೆಲಸ.

ಓವರ್‌ಕರೆಂಟ್ ಸಂಕೇತವನ್ನು, ಮೋಟಾರ್‌ಗೆ ಮಿಡಿತಗಳನ್ನು ಕೊಡುವ ಪಿಡಬ್ಲ್ಯೂಎಂ ಟೈಮರ್‌ನ ಬ್ರೇಕ್ ಇನ್‌ಪುಟ್‌ಗೇ (ಇದು ಔಟ್‌ಪುಟ್ ಕಡಿಯುವಂಥದ್ದು, ಕೀಲಿನ ಬ್ರೇಕ್ ಅಲ್ಲ) ಕೊಡಿ. ಕೋಡ್ ಸಿಕ್ಕಿಹಾಕಿಕೊಂಡಿದ್ದರೂ ಹಾರ್ಡ್‌ವೇರ್ ಔಟ್‌ಪುಟ್ ಮುಚ್ಚುತ್ತದೆ. ವಾಚ್‌ಡಾಗ್‌ಗೆ ಟೈಮರ್ ಇಂಟರಪ್ಟ್‌ನಿಂದ ಉಣಿಸಬೇಡಿ. ಮುಖ್ಯ ಟಾಸ್ಕ್ ಸತ್ತರೂ ಇಂಟರಪ್ಟ್ ಬದುಕಿರಬಹುದು. ಪ್ರತಿ ಟಾಸ್ಕ್ ತನ್ನ ಹಾಜರಿ ಹಾಕಿದ ಮೇಲೆ, ಕೋಡ್‌ನ ಒಂದೇ ಒಂದು ಜಾಗದಲ್ಲಿ ಉಣಿಸಿ.

ಹಂತ 7: ನೀವೇ ಕೆಡಿಸಿ, ಅಳೆಯಿರಿ

ಪ್ರತಿ ದೋಷಕ್ಕೂ ಸ್ಕೋಪ್‌ನ ಒಂದು ಚಾನೆಲ್ ದೋಷದ ಕ್ಷಣಕ್ಕೆ, ಇನ್ನೊಂದು ಮೋಟಾರ್ ಫೇಸ್‌ಗೆ.

- ಚಲಿಸುತ್ತಿರುವಾಗ ಎನ್‌ಕೋಡರ್ ದತ್ತಾಂಶ ತಂತಿ, ಗಡಿಯಾರ ತಂತಿ, ಪವರ್ ತಂತಿಯನ್ನು ಒಂದೊಂದಾಗಿ ಕೀಳಿ.
- ಮುಖ್ಯ ಟಾಸ್ಕ್‌ನಲ್ಲಿ ಮುಗಿಯದ ಲೂಪ್ ಹಾಕಿ.
- ಮೇಲಿನಿಂದ ಬರುವ ಸಂದೇಶ ನಿಲ್ಲಿಸಿ. ಆಮೇಲೆ ಇನ್ನೂ ಕಷ್ಟದ್ದು: ಹಳೆಯ ಸಂದೇಶವನ್ನೇ ಮತ್ತೆ ಮತ್ತೆ ಕಳಿಸಿ. ಸಂದೇಶಕ್ಕೆ ಏರುವ ಕ್ರಮಸಂಖ್ಯೆ ಇಲ್ಲದಿದ್ದರೆ ಸಿಆರ್‌ಸಿ (ಸಂದೇಶ ಕೆಟ್ಟಿದೆಯೇ ಎಂದು ನೋಡುವ ಸಂಖ್ಯೆ) ಇದನ್ನು ಹಿಡಿಯುವುದಿಲ್ಲ.
- ಗುರಿಯಾಗಿ ನ್ಯಾನ್ ಕಳಿಸಿ.
- ಸಪ್ಲೈಯನ್ನು 12ರಿಂದ 7 ವೋಲ್ಟ್‌ಗೆ ನಿಧಾನಕ್ಕೆ ಇಳಿಸಿ. ಥಟ್ಟನೆ ಹೋಗುವುದಕ್ಕಿಂತ ಹೀಗೆ ಇಳಿಯುವುದು ಹೆಚ್ಚು ವಿಚಿತ್ರ ವರ್ತನೆ ತೋರಿಸುತ್ತದೆ.
- ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ. ಕೋರ್ ನಿಂತಾಗ ಟೈಮರ್ ಕೂಡ ನಿಲ್ಲುವ ಬಿಟ್ ಹಾಕಿರದಿದ್ದರೆ ಪಿಡಬ್ಲ್ಯೂಎಂ ಕೊನೆಯ ಬೆಲೆಯಲ್ಲೇ ಓಡುತ್ತಿರುತ್ತದೆ, ಮೋಟಾರ್ ಸುರುಳಿ ಸುಡಬಹುದು. 0.5 ಆಂಪಿಯರ್ ಮಿತಿ ಹಾಕಿಸಿದ್ದು ಇದಕ್ಕಾಗಿಯೂ.

ಆಪರೇಷನ್ ಥಿಯೇಟರ್‌ನಲ್ಲಿ ಇನ್ನೊಂದು ಶತ್ರು ಇದೆ: ವಿದ್ಯುತ್ತಿನಿಂದ ಕೊಯ್ಯುವ, ರಕ್ತ ಕಟ್ಟಿಸುವ ಡಯಾಥರ್ಮಿ. ಹೆಚ್ಚಿನ ಯಂತ್ರಗಳು 300ರಿಂದ 500 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ, ಅದರ ತಂತಿ ನಿಮ್ಮ ಎನ್‌ಕೋಡರ್ ಕೇಬಲ್ ಪಕ್ಕದಲ್ಲೇ ಹಾದುಹೋಗುತ್ತದೆ. ಉದ್ದ ಕೇಬಲ್‌ನಲ್ಲಿ ಸಾದಾ ಎಸ್‌ಪಿಐ ಬಳಸದೆ, ಜೋಡಿ ತಂತಿಯ ಡಿಫರೆನ್ಷಿಯಲ್ ಸಂಕೇತ ಮತ್ತು ಸಿಆರ್‌ಸಿ ಇರುವ ಬಿಸ್-ಸಿ ಥರದ ಪ್ರೋಟೋಕಾಲ್ ಬಳಸುವುದು ಇದಕ್ಕೆ. ಒಂದು ಓದು ಕೆಟ್ಟರೆ ಹಿಂದಿನ ವೇಗದಿಂದ ಅಂದಾಜು ಮಾಡಿ ಮುಂದುವರಿಯಬಹುದು, ಸತತ ಮೂರು ಕೆಟ್ಟರೆ ನಿಲ್ಲಬೇಕು. ಈ ಮೂರು ಎಂಬ ಸಂಖ್ಯೆ ಹಂತ 6ರ 0.6 ಮಿ.ಮೀ. ಲೆಕ್ಕದಿಂದ ಬಂದಿರಬೇಕು, ಊಹೆಯಿಂದಲ್ಲ. ಮನೆಯ ಮೇಜಿನಲ್ಲಿ ಡಯೋಡ್ ಇಲ್ಲದ ರಿಲೇ ಒಂದನ್ನು ಎನ್‌ಕೋಡರ್ ತಂತಿಯ ಪಕ್ಕ ಪಟಪಟ ಬಡಿಸಿದರೆ ಸಾಕಷ್ಟು ಗದ್ದಲ ಸಿಗುತ್ತದೆ. ಡಯಾಥರ್ಮಿ ಯಂತ್ರದ ಪರೀಕ್ಷೆ ಸಜ್ಜಾದ ಲ್ಯಾಬ್‌ನಲ್ಲೇ ಆಗಬೇಕು.

ಹಂತ 8: ಕಾಗದ

ಐಇಸಿ 62304 ವೈದ್ಯಕೀಯ ಸಾಫ್ಟ್‌ವೇರ್ ಜೀವನಚಕ್ರದ ಮಾನದಂಡ, 2006ರದ್ದು, 2015ರಲ್ಲಿ ತಿದ್ದುಪಡಿಯಾಗಿದೆ. ಸಾವು ಅಥವಾ ಗಂಭೀರ ಗಾಯಕ್ಕೆ ಕಾರಣವಾಗಬಲ್ಲ ಸಾಫ್ಟ್‌ವೇರ್ ಅದರ ಸಿ ವರ್ಗ. ಕೀಲಿನ ಫರ್ಮ್‌ವೇರ್ ಸಾಮಾನ್ಯವಾಗಿ ಇಲ್ಲಿಗೇ ಬೀಳುತ್ತದೆ, ಪ್ರತಿ ಘಟಕಕ್ಕೂ ವಿವರ ವಿನ್ಯಾಸ ಬರೆಯಬೇಕಾಗುತ್ತದೆ. ಭಾರತದ ವೈದ್ಯಕೀಯ ಸಾಧನ ನಿಯಮಗಳು, 2017ರಲ್ಲಿ ಎಯಿಂದ ಡಿವರೆಗೆ ಇರುವ ವರ್ಗಗಳು ಬೇರೆ, ಅವು ಇಡೀ ಸಾಧನದ್ದು. ಎರಡನ್ನೂ ಕಲೆಸಬೇಡಿ. ಅಪಾಯ ನಿರ್ವಹಣೆಗೆ ಐಎಸ್‌ಒ 14971, ಸರ್ಜಿಕಲ್ ರೋಬೋಟ್‌ಗೆಂದೇ 2019ರಲ್ಲಿ ಬಂದ ಐಇಸಿ 80601-2-77. ಓದುವುದಾದರೆ 14971ರಿಂದ ಶುರುಮಾಡಿ, ಉಳಿದವೆಲ್ಲ ಅದರ ಮೇಲೆ ನಿಂತಿವೆ.

"ದೋಷವಾದರೆ ರೋಬೋಟ್ ಸುರಕ್ಷಿತವಾಗಿ ನಿಲ್ಲಬೇಕು" ಎಂಬುದನ್ನು ಯಾರೂ ಪರೀಕ್ಷಿಸಲಾರರು. "ಎನ್‌ಕೋಡರ್‌ನ ಸತತ ಮೂರು ಓದು ಕೆಟ್ಟ 1 ಮಿಲಿಸೆಕೆಂಡ್ ಒಳಗೆ ಪಿಡಬ್ಲ್ಯೂಎಂ ಔಟ್‌ಪುಟ್ ಮೂರೂ ಫೇಸ್ ಕೂಡಿಸುವ ಸ್ಥಿತಿಗೆ ಬರಬೇಕು" ಎಂಬುದನ್ನು ಪರೀಕ್ಷಿಸಬಹುದು. ಅಪಾಯ, ಅಗತ್ಯ, ಕೋಡ್, ಪರೀಕ್ಷೆ, ಈ ನಾಲ್ಕನ್ನೂ ಒಂದು ಸಾಲಿನಲ್ಲಿ ಕೂಡಿಸುವ ಕೋಷ್ಟಕವನ್ನು ನಿಮ್ಮ ಒಂದು ಕೀಲಿಗೇ ಮಾಡಿ. ಹದಿನೈದಿಪ್ಪತ್ತು ಸಾಲು ಸಾಕು.

ಹಂತ 9: ಕೆಲಸ ಹುಡುಕುವುದು

ಭಾರತದಲ್ಲಿ ಎಸ್‌ಎಸ್‌ಐ ಮಂತ್ರ ರೋಬೋಟ್ ಮಾಡುವ ಎಸ್‌ಎಸ್ ಇನ್ನೋವೇಷನ್ಸ್ ಗುರುಗ್ರಾಮದಲ್ಲಿದೆ. ಸ್ಟ್ರೈಕರ್‌ನ ತಂತ್ರಜ್ಞಾನ ಕೇಂದ್ರವೂ ಅಲ್ಲೇ. ಮೆಡ್‌ಟ್ರಾನಿಕ್‌ನ ಎಂಜಿನಿಯರಿಂಗ್ ಕೇಂದ್ರ ಹೈದರಾಬಾದ್‌ನಲ್ಲಿದೆ. ಬೆಂಗಳೂರಿನಲ್ಲಿ ಜಿಇ ಹೆಲ್ತ್‌ಕೇರ್, ಫಿಲಿಪ್ಸ್, ಸೀಮೆನ್ಸ್ ಹೆಲ್ತಿನಿಯರ್ಸ್ ಕೇಂದ್ರಗಳಿವೆ. ಅಲ್ಲಿ ಸ್ಕ್ಯಾನರ್ ಅಥವಾ ಮಾನಿಟರ್ ಫರ್ಮ್‌ವೇರ್ ಬರೆದರೂ 62304 ಕೈಗೆ ಹತ್ತುತ್ತದೆ, ಆಮೇಲೆ ರೋಬೋಟ್‌ಗೆ ದಾಟುವುದು ಸುಲಭ. ಹೊರದೇಶದಲ್ಲಿ ಡಾ ವಿಂಚಿಯ ಇಂಟ್ಯೂಟಿವ್ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲೂ, ವರ್ಸಿಯಸ್ ಮಾಡುವ ಸಿಎಂಆರ್ ಸರ್ಜಿಕಲ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ಇವೆ.

ಸಂದರ್ಶನದಲ್ಲಿ ಪ್ರಯಾರಿಟಿ ಇನ್‌ವರ್ಷನ್ (ಕಡಿಮೆ ಆದ್ಯತೆಯ ಟಾಸ್ಕ್ ಹೆಚ್ಚು ಆದ್ಯತೆಯದ್ದನ್ನು ಕಾಯಿಸುವುದು), ಇಂಟರಪ್ಟ್ ಮತ್ತು ಟಾಸ್ಕ್ ನಡುವೆ ಹಂಚಿಕೊಂಡ ದತ್ತಾಂಶ, ಎಣಿಕೆ ಸುತ್ತುವುದು, ವಾಚ್‌ಡಾಗ್‌ಗೆ ಎಲ್ಲಿ ಉಣಿಸುತ್ತೀರಿ, ಇಂಥವನ್ನು ಕೇಳುತ್ತಾರೆ. ಮೋಟಾರ್ ತಿರುಗುವ ವಿಡಿಯೋ ಬದಲು ಒಂದು ಪುಟದ ಕೋಷ್ಟಕ ಒಯ್ಯಿರಿ: ಹಂತ 7ರ ಪ್ರತಿ ದೋಷ, ಪತ್ತೆಯಾಗಲು ಹಿಡಿದ ಸಮಯ, ನಿಲ್ಲಲು ಹಿಡಿದ ಸಮಯ, ಪಟ್ಟಿಯ ತುದಿ ಸರಿದ ಮಿ.ಮೀ., ಪಕ್ಕದಲ್ಲಿ ಸ್ಕೋಪ್‌ನ ಚಿತ್ರ. ಪ್ರತಿ ದೋಷವನ್ನೂ ಹತ್ತತ್ತು ಸಲ ಮಾಡಿ, ಕೋಷ್ಟಕದಲ್ಲಿ ಅತಿ ಕೆಟ್ಟ ಸಂಖ್ಯೆಯನ್ನೇ ಹಾಕಿ.